ಮಿರುಗುವ ಮಸ್ಟಾಂಗಾ, ಮಾಸಿದ ಮಸ್ಟಾಂಗಾ?

ಹಳೇ ಕಾರು ಕೊಳ್ಳುವಾಗ ಹೊಸದರಂತೆ ಮಿರುಗಿಸಿದ್ದೋ, ಹುಟ್ಟಿದಾಗಿನ ಬಣ್ಣದಲ್ಲೇ ಮಾಸಿದ್ದೋ? ನಾನು ಕೊಂಡದ್ದು ಮಾಸಿದ್ದನ್ನೇ. ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಪಕ್ಷಪಾತ ಅನ್ನಬೇಡಿ.

ಅಮೆರಿಕದ ಕಾರುಗಳ ಊರು ಡೆಟ್ರಾಯಿಟ್ ಪಕ್ಕದಲ್ಲಿ ಮನೆ ಇದ್ದರೆ ಹಳೇ ಮಸಲ್ ಕಾರಿನ, ಅಂದರೆ ದೊಡ್ಡ ಎಂಜಿನ್ನಿನ ಜೋರಿನ ಕಾರಿನ ಹುಚ್ಚು ತಾನಾಗೇ ಹತ್ತುತ್ತದೆ. ಆಗಸ್ಟ್ ಬಂತೆಂದರೆ ವುಡ್‌ವರ್ಡ್ ರಸ್ತೆ ತುಂಬಾ ಅವೇ. ನನಗೆ ಬೇಕಿದ್ದದ್ದು 1968ರ ಫೋರ್ಡ್ ಮಸ್ಟಾಂಗ್ ಜಿಟಿ, 390 ಘನ ಅಂಗುಲದ ದೊಡ್ಡ ಎಂಜಿನ್ನಿನದು. ಚಾವಣಿ ಹಿಂದಕ್ಕೆ ಇಳಿಜಾರಾಗಿರುವ ಫಾಸ್ಟ್‌ಬ್ಯಾಕ್ ರೇಟು ಕೇಳಿ ತೆಪ್ಪಗೆ ಮಾಮೂಲಿ ಚಾವಣಿಯ ಹಾರ್ಡ್‌ಟಾಪ್‌ಗೆ ಇಳಿದೆ. ಕೊನೆಗೆ ಮೂರು ಕಾರು ಉಳಿದವು.

ಮೊದಲನೆಯದು ಪೂರ್ತಿ ರೆಸ್ಟೋರ್ ಮಾಡಿದ್ದು. ಓಡಿಸೋಕೆ ಬೆಣ್ಣೆ. ಬಾಗಿಲು, ಬಾನೆಟ್ ಸಂದುಗಳೆಲ್ಲ ಗೆರೆ ಎಳೆದ ಹಾಗೆ ನೇರ. ಅದೇ ಯಡವಟ್ಟು. ಫೋರ್ಡ್‌ನವರು ಆಗ ಇಷ್ಟು ನೀಟಾಗಿ ಜೋಡಿಸುತ್ತಿರಲಿಲ್ಲ.

ಎರಡನೆಯದರ ಜಾಹೀರಾತಿನಲ್ಲಿ "ಸರ್ವೈವರ್" ಅಂತ ದಪ್ಪಕ್ಷರ, ಅಂದರೆ ಏನೂ ಬದಲಾಗದೆ ಮೂಲದಂತೆ ಉಳಿದದ್ದು. ಬಣ್ಣದ ದಪ್ಪ ಅಳೆಯುವ ಪೇಂಟ್ ಮೀಟರ್ ಇಟ್ಟು ನೋಡಿದೆ. ಕಾರ್ಖಾನೆಯ ಬಣ್ಣ ಸುಮಾರು 3ರಿಂದ 5 ಮಿಲ್ (ಅಂಗುಲದ ಸಾವಿರದಲ್ಲೊಂದು ಭಾಗ ಒಂದು ಮಿಲ್) ದಪ್ಪ ಇರುತ್ತದೆ. ಇದರ ಎಡಬಾಗಿಲಲ್ಲಿ ಅದರ ಎರಡರಷ್ಟು. ಹೋಗಲಿ, ಒಂದು ಬಾಗಿಲು ತಾನೇ ಅಂದುಕೊಂಡು ಎಂಜಿನ್ ಕಡೆ ಬಗ್ಗಿದೆ. ಫೋರ್ಡ್ ಎರಕದ ಮೇಲೆ ತಾರೀಕು ಇರುತ್ತದೆ: ಮೊದಲು ವರ್ಷದ ಕೊನೆಯ ಅಂಕಿ, ಆಮೇಲೆ ತಿಂಗಳಿಗೊಂದು ಇಂಗ್ಲಿಷ್ ಅಕ್ಷರ, ಆಮೇಲೆ ದಿನ. ಬಾಗಿಲಿನ ಪ್ಲೇಟು ಕಾರು ಮಾರ್ಚಿನದು ಅನ್ನುತ್ತಿತ್ತು. ಎಂಜಿನ್ ಬ್ಲಾಕ್ ಮೇಲೆ 8ರ ಪಕ್ಕ 'E', ಅಂದರೆ ಮೇ. ಕಾರಿಗಿಂತ ಎಂಜಿನ್ ಎರಡು ತಿಂಗಳು ಚಿಕ್ಕದು! "ಎಂಜಿನ್ ಅದೇ ಮಾಡೆಲ್ ಅಲ್ವಾ" ಅಂದ ಮಾರುವವನು. ಅಲ್ಲಿಂದ ಜಾಗ ಖಾಲಿ ಮಾಡಿದೆ.

ಮೂರನೆಯದು ಸ್ಯಾನ್ ಹೊಸೆ ಕಾರ್ಖಾನೆಯದು. ಕ್ಯಾಲಿಫೋರ್ನಿಯಾದಲ್ಲೇ ಇದ್ದುದರಿಂದ ನಮ್ಮ ಮಿಶಿಗನ್‌ನಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಸುರಿಯುವ ಉಪ್ಪು ತಿಂದಿರಲಿಲ್ಲ. ಬಾನೆಟ್ ಅಂಚಿನಲ್ಲಿ ಉಜ್ಜಿ ಉಜ್ಜಿ ಬಣ್ಣ ಸವೆದು ಅಡಿಯ ಪ್ರೈಮರ್ ಇಣುಕುತ್ತಿದೆ. ಡ್ರೈವರ್ ಸೀಟಿನ ಹೊಲಿಗೆ ಬಿಟ್ಟಿದೆ. ಆದರೆ ಗಾಜು, ಎಂಜಿನ್, ಸೀಟು, ಬಣ್ಣ ಎಲ್ಲ ಹುಟ್ಟಿದಾಗಿನವೇ. ಟೈರು, ಬೆಲ್ಟು, ಬ್ಯಾಟರಿ ಬದಲಾಗಿವೆ, ಅದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಫೋರ್ಡ್‌ನ ಹಳೇ ದಾಖಲೆಯಿಂದ ತೆಗೆದುಕೊಡುವ ಮಾರ್ಟಿ ರಿಪೋರ್ಟೂ ತರಿಸಿದೆ. ಒಂದು ಮಾತು: ಕಾರ್ಖಾನೆಯಿಂದ ಏನು ಹೊರಟಿತ್ತು ಅನ್ನುವುದಷ್ಟೇ ಅದರಲ್ಲಿರುತ್ತದೆ. ಈಗ ಏನು ಉಳಿದಿದೆ ಅಂತ ನಾವೇ ಕಾರಿನಡಿ ನುಗ್ಗಿ ನೋಡಬೇಕು.

ಇನ್ನು ತಲೆನೋವಿನ ವಿಷಯ. ವಿಂಡ್‌ಶೀಲ್ಡ್‌ಗೂ ಬಾನೆಟ್‌ಗೂ ಮಧ್ಯೆ ಸೀಳುಗಳಿರುವ ತಗಡು ಇರುತ್ತದಲ್ಲ, ಅದೇ ಕೌಲ್. ಮಳೆನೀರು ಅದರೊಳಗೆ ಇಳಿದು ಎರಡೂ ಬದಿಯಿಂದ ಆಚೆ ಹೋಗಬೇಕು. ಒಳಗೆ ಗಾಳಿ ಬರುವ ತೂತಿನ ಸುತ್ತ ಎತ್ತರದ ಅಂಚು ಇದೆ, ನೀರು ನುಗ್ಗದಿರಲಿ ಅಂತ. ನನ್ನ ಕಾರು ವರ್ಷಗಟ್ಟಲೆ ಮರದಡಿ ನಿಂತಿತ್ತು. ಎಲೆ ಕಸ ಒಳಗೆ ಕೂತು, ತೇವ ಹಿಡಿದು, ಆ ಅಂಚಿನ ಬುಡವನ್ನೇ ತುಕ್ಕು ತಿಂದಿದೆ. ಪೈಪಿನಲ್ಲಿ ನೀರು ಬಿಟ್ಟೆ. ಹೀಟರ್ ಪೆಟ್ಟಿಗೆಯ ಪಕ್ಕದಿಂದ ತೊಟ್ಟಿಕ್ಕಿ ಕಾರ್ಪೆಟ್ ಒದ್ದೆ. ಈ ಕಾಲದ ಮಸ್ಟಾಂಗ್‌ಗಳಿಗೆ ಇದು ಹಳೇ ಕಾಯಿಲೆ.

ಸರಿ, ರಿಪೇರಿ ಮಾಡಿಸಿದರಾಯ್ತು ಅಂತೀರಾ? ಕೌಲ್ ಅಂದರೆ ಎರಡು ತಗಡು ಸೇರಿಸಿ ಅಲ್ಲಲ್ಲಿ ಚುಕ್ಕಿಯಂತೆ ಬೆಸೆದದ್ದು, ಸ್ಪಾಟ್ ವೆಲ್ಡ್. ಒಳಗೆ ಕೈ ಹೋಗಲ್ಲ. ಫೆಂಡರ್, ಅಂದರೆ ಮುಂಚಕ್ರದ ಮೇಲಿನ ತಗಡು, ಬಿಚ್ಚಬೇಕು, ವೆಲ್ಡುಗಳನ್ನು ಒಂದೊಂದಾಗಿ ಕೊರೆದು ಮೇಲಿನ ತಗಡು ಎತ್ತಬೇಕು, ಹೊಸದಾಗಿ ಬೆಸೆದು ಬಣ್ಣ ಹೊಡೆಯಬೇಕು. ಹೊಸ ಬಣ್ಣ ಹಳೆಯದಕ್ಕೆ ಹೊಂದಲ್ಲ, ಆಗ ಪಕ್ಕದ ಫೆಂಡರಿಗೂ, ಬಾನೆಟ್ಟಿಗೂ. ಒಂದು ತೂತು ಮುಚ್ಚೋಕೆ ಹೋಗಿ ಅರ್ಧ ಕಾರಿನ ಮೂಲ ಬಣ್ಣ ಹೋಯಿತು. ಹಾಗೇ ಬಿಟ್ಟರೆ ನೆಲದ ತಗಡಿಗೂ ತುಕ್ಕು.

ನಾನು ಹೀಟರ್ ಪೆಟ್ಟಿಗೆ ಬಿಚ್ಚಿ, ಕೆಳಗಿನಿಂದ ಒಂದು ಪ್ಲಾಸ್ಟಿಕ್ ಬಳೆಯನ್ನು ಸೀಲಂಟ್ ಹಚ್ಚಿ ಕೂರಿಸಿದ್ದೇನೆ. ಅದಕ್ಕಂತಲೇ ಮಾರುತ್ತಾರೆ. ಬೇಕೆಂದಾಗ ಕಿತ್ತು ಹಾಕಬಹುದು, ಬಣ್ಣಕ್ಕೆ ಕೈ ಹಚ್ಚಿಲ್ಲ. ಇದನ್ನೂ ಒಪ್ಪದ ಮಡಿವಂತರು ಇದ್ದಾರೆ, ಇರಲಿ. ನನ್ನ ಲೆಕ್ಕ ಇಷ್ಟೇ: ವಾಪಸ್ ಬಿಚ್ಚಬಹುದಾದ ರಿಪೇರಿಯಿಂದ ಒರಿಜಿನಲ್‌ತನ ಹೋಗಲ್ಲ, ಉಜ್ಜಿ ಬಣ್ಣ ತೆಗೆದರೆ ಹೋಗುತ್ತದೆ.

ಅಂದಹಾಗೆ ಹಾಲಿವುಡ್ ನಟ ಸ್ಟೀವ್ ಮೆಕ್‌ಕ್ವೀನ್ 'ಬುಲಿಟ್' ಸಿನಿಮಾದಲ್ಲಿ ಓಡಿಸಿದ 1968ರ ಮಸ್ಟಾಂಗ್ 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ 34 ಲಕ್ಷ ಡಾಲರ್‌ಗೆ ಹೋಯಿತು, ಕಮಿಷನ್ ಬೇರೆ. ತುಕ್ಕು, ತಗ್ಗು ಎಲ್ಲ ಹಾಗೇ ಇತ್ತು. ನನ್ನದಕ್ಕೆ ಆ ಯೋಗ ಇಲ್ಲ ಬಿಡಿ.

ನನಗೆ ಗ್ಯಾರೇಜ್ ಇದೆ. ಬಿಸಿಲಿನ ಭಾನುವಾರ ಮಾತ್ರ ಆಚೆ ತೆಗೆಯುತ್ತೇನೆ. ರೆಸ್ಟೋರ್ ಮಾಡಿದ್ದಕ್ಕೆ ಕೇಳಿದಷ್ಟು ದುಡ್ಡೂ ನನ್ನ ಹತ್ತಿರ ಇರಲಿಲ್ಲ. ಹಾಗಾಗಿ ಮಾಸಿದ್ದೇ ಸರಿ. ನೀವು ಕಾರನ್ನು ಬೀದೀಲಿ ನಿಲ್ಲಿಸುವವರಾದರೆ, ಮಳೆಯಲ್ಲೂ ಓಡಿಸುವವರಾದರೆ ಸುಮ್ನೆ ಮೊದಲನೆಯ ಥರದ್ದು ತಗೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಕೌಲ್ ಬಿಚ್ಚಿ ರಿಪೇರಿ ಮಾಡಿಸಿದ ಫೋಟೋ ಕೇಳಿ. ಫೋಟೋ ಇಲ್ಲ ಅಂದರೆ, ಒಂದು ಬಕೆಟ್ ನೀರು ಕೇಳಿ.