ಶುಂಠಿ ಒಣಗಿಸಲು ಬಿಸಿಲೋ, ಡ್ರೈಯರೋ?

ಹಸಿ ಶುಂಠಿಯಲ್ಲಿ ಶೇ. 80ರಷ್ಟು ನೀರೇ ಇರುತ್ತದೆ. ಅದು ಶೇ. 10ರ ಹತ್ತಿರಕ್ಕೆ ಇಳಿದರೆ ಬೂಷ್ಟು ಹಿಡಿಯದೆ ಉಳಿಯುತ್ತದೆ.

ಬಿಸಿಲಿಗೆ ಖರ್ಚಿಲ್ಲ. ಆದರೆ ಇಡೀ ಗೆಡ್ಡೆ ಒಣಗಲು 7–10 ದಿನ ಬೇಕು, ನಡುವೆ ಮೋಡ ಕವಿದರೆ ಕಷ್ಟ. ಸಿಪ್ಪೆಯನ್ನು ತೆಳ್ಳಗೆ ಕೆರೆಯಿರಿ, ಜಾಸ್ತಿ ಹೆರೆಯಬೇಡಿ. ಘಮದ ಎಣ್ಣೆ ಇರುವುದೇ ಸಿಪ್ಪೆಯ ಕೆಳಗೆ ಅಲ್ವಾ?

ಡ್ರೈಯರ್‌ನಲ್ಲಿ 3 ಮಿಲಿಮೀಟರ್ ದಪ್ಪದ ಬಿಲ್ಲೆಗಳು 50–60 ಡಿಗ್ರಿ ಬಿಸಿಯಲ್ಲಿ ಒಂದೇ ದಿನದೊಳಗೆ ಒಣಗುತ್ತವೆ. ಬೇಗ ಆಗಲಿ ಎಂದು ಸುಮ್ನೆ ಬಿಸಿ ಏರಿಸಬೇಡಿ, ಘಮ ಹಾರಿಹೋಗುತ್ತದೆ. ಓವನ್‌ನಲ್ಲಿ ಇದೇ ತೊಂದರೆ, ಅಂಚು ಬೇಗ ಕಪ್ಪಾಗುತ್ತದೆ.

ಮಳೆಗಾಲವಾದರೆ ನಾನು ಡ್ರೈಯರ್ ಹಿಡಿಯುತ್ತೇನೆ. ಒಳ್ಳೆ ಬಿಸಿಲಿದ್ದರೆ ಅದೇ ಸಾಕು. ಬಿಲ್ಲೆ ಬಗ್ಗಿದರೆ ಇನ್ನೂ ಹಸಿ ಇದೆ. ಲಟಕ್ಕೆಂದು ಮುರಿದರೆ ತಣ್ಣಗಾಗಲು ಬಿಟ್ಟು ಡಬ್ಬಿಗೆ ತುಂಬಿ.