ಪಾಸ್‌ವರ್ಡ್ ಸೋರಿದ ಮೇಲೆ: ಎಸ್ಸೆಮ್ಮೆಸ್ಸೋ, ಆ್ಯಪೋ, ಪಾಸ್‌ಕೀಯೋ?

ಯಾವುದೋ ತಾಣದಿಂದ ನಿಮ್ಮ ಪಾಸ್‌ವರ್ಡ್ ಸೋರಿತೆಂದರೆ ಅದನ್ನು ಬದಲಿಸಿ, ಅದನ್ನೇ ಬಳಸಿದ ಬೇರೆ ಕಡೆಗಳಲ್ಲೂ ಬದಲಿಸಿ. ಮೊದಲು ಮೇಲ್. ಉಳಿದ ಖಾತೆಗಳ ಪಾಸ್‌ವರ್ಡ್ ಮರೆತರೆ ಲಿಂಕ್ ಬರುವುದು ಅಲ್ಲಿಗೇ. ಆಮೇಲೆ ಪಾಸ್‌ವರ್ಡ್ ಒಂದೇ ಸಾಲದು, ಎರಡನೇ ಬೀಗ ಬೇಕೇ ಬೇಕು. ನಮ್ಮ ಮನೆಯಲ್ಲಿ ಮೂರು ಬಗೆಯನ್ನೂ ಬಳಸಿ ನೋಡಿದ್ದೇನೆ.

ಎಸ್ಸೆಮ್ಮೆಸ್ ಓಟಿಪಿ ಅಮ್ಮನಿಗೂ ಗೊತ್ತು, ಕಲಿಸಬೇಕಾಗಿಲ್ಲ. ಆದರೆ ನಮ್ಮದು ಉಡುಪಿ ಜಿಲ್ಲೆಯ ಹೆಬ್ರಿ ಕಡೆ. ಆಟಿ ತಿಂಗಳ ಮಳೆಗೆ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಓಟಿಪಿ ಬರುವುದೇ ಇಲ್ಲ. ದುಬೈಯಲ್ಲಿರುವ ಅಣ್ಣನ ಕಷ್ಟ ಇನ್ನೂ ದೊಡ್ಡದು: ಊರಿನ ಸಿಮ್ಮಿಗೆ ರೀಚಾರ್ಜ್ ತಪ್ಪಿದರೆ ಓಟಿಪಿ ನಿಲ್ಲುತ್ತದೆ, ಬಹಳ ಕಾಲ ಬಿಟ್ಟ ನಂಬರ್ ಕೊನೆಗೆ ಬೇರೆಯವರ ಪಾಲಾಗುತ್ತದೆ. ನಮ್ಮ ಹೆಸರಲ್ಲಿ ಡೂಪ್ಲಿಕೇಟ್ ಸಿಮ್ ತೆಗೆದು ಓಟಿಪಿ ಕದಿಯುವವರೂ ಇದ್ದಾರೆ. ಗಲ್ಫಿನಲ್ಲಿ ಮಕ್ಕಳಿರುವ ಕರಾವಳಿಯ ಮನೆಗಳು ಇದೊಂದನ್ನೇ ನಂಬಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಅಥೆಂಟಿಕೇಟರ್ ಆ್ಯಪಿಗೆ ನೆಟ್‌ವರ್ಕೇ ಬೇಡ. ಖಾತೆಗೆ ಜೋಡಿಸುವಾಗ ಕ್ಯೂಆರ್ ಮೂಲಕ ಬಂದ ಗುಟ್ಟಿನ ಕೀಲಿಯನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ ಫೋನೇ 30 ಸೆಕೆಂಡಿಗೊಮ್ಮೆ 6 ಅಂಕಿಯ ಕೋಡ್ ಹುಟ್ಟಿಸುತ್ತದೆ. ಮಳೆಯಲ್ಲೂ ನಡೆಯಿತು, ದುಬೈಯಲ್ಲೂ ನಡೆಯಿತು. ಫೋನಿನ ಸಮಯ ಮಾತ್ರ ಆಟೋಮ್ಯಾಟಿಕ್ ಇರಲಿ. ಗೂಗಲ್ ಅಥೆಂಟಿಕೇಟರ್ 2023ರಿಂದ ಕೋಡುಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಬಲ್ಲದು. ಅನುಕೂಲ ಹೌದು, ಆದರೆ ಆ ಖಾತೆಯೇ ಕೈತಪ್ಪಿದರೆ? ಅದಕ್ಕೇ ನನಗೆ ಏಜಿಸ್ ಎಂಬ ಇನ್ನೊಂದು ಅಥೆಂಟಿಕೇಟರ್ ಆ್ಯಪ್ ಹಿಡಿಸಿತು. ಆಂಡ್ರಾಯ್ಡಿಗೆ ಮಾತ್ರ ಇದೆ, ಪಾಸ್‌ವರ್ಡ್ ಹಾಕಿದ ಬ್ಯಾಕಪ್ ಫೈಲನ್ನು ನಾವೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು.

ಇವೆರಡರಲ್ಲೂ ಒಂದು ಕೊರತೆ ಉಂಟು. ನಕಲಿ ತಾಣದಲ್ಲಿ ನಾವೇ ಕೋಡ್ ಒತ್ತಿದರೆ ಆಯಿತು, ಕಳ್ಳನಿಗೆ ಸಿಕ್ಕಿತು.

ಪಾಸ್‌ಕೀ ಅಲ್ಲಿ ಗೆಲ್ಲುತ್ತದೆ. ಇದು ಪಾಸ್‌ವರ್ಡಿನ ಬದಲು ನಮ್ಮ ಫೋನಿನಲ್ಲಿರುವ ಗುಟ್ಟಿನ ಕೀಲಿಯಿಂದ ಲಾಗಿನ್ ಮಾಡಿಸುವ ಬಗೆ. ಅದು ತಾಣದ ಅಸಲಿ ವಿಳಾಸಕ್ಕೆ ಕಟ್ಟಿಕೊಂಡಿರುವುದರಿಂದ ನಕಲಿಯಲ್ಲಿ ಕೆಲಸವೇ ಮಾಡುವುದಿಲ್ಲ. ತಾಣದ ಸರ್ವರಿನಲ್ಲಿರುವುದು ಆ ಕೀಲಿಯ ಬಹಿರಂಗ ಜೋಡಿಯಾದ ಪಬ್ಲಿಕ್ ಕೀ ಮಾತ್ರ, ಸೋರಿದರೂ ಅದರಿಂದ ಲಾಗಿನ್ ಆಗಲಿಕ್ಕಾಗುವುದಿಲ್ಲ. ಅಮ್ಮನಿಗೂ ಸುಲಭವಾಯಿತು, ಬೆರಳಿಟ್ಟರೆ ಸಾಕು. ಆದರೆ ಎಲ್ಲ ತಾಣಗಳಲ್ಲಿ ಇನ್ನೂ ಬಂದಿಲ್ಲ. ಬ್ಲೂಟೂತ್ ಇಲ್ಲದ ಆಫೀಸ್ ಕಂಪ್ಯೂಟರಿನಲ್ಲಿ ಫೋನಿನ ಪಾಸ್‌ಕೀ ನಡೆಯಲಿಲ್ಲ.

ಈಗ ಮೂವರ ಜೀಮೇಲಿಗೂ ಪಾಸ್‌ಕೀ, ಮಿಕ್ಕವಕ್ಕೆ ಆ್ಯಪ್, ಬೇರೆ ದಾರಿ ಕೊಡದ ತಾಣಗಳಿಗಷ್ಟೇ ಎಸ್ಸೆಮ್ಮೆಸ್. ಫೋನ್ ಕಳೆದರೆ ಬಳಸಲಿಕ್ಕೆ ತಾಣಗಳು ಕೊಡುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ಕಪಾಟಿನಲ್ಲಿ ಜಾಗದ ಆರ್‌ಟಿಸಿ ಜೊತೆ ಇಟ್ಟಿದ್ದೇವೆ. ಆ್ಯಪ್ ಹಾಕಿದ ಮೇಲೆ ಸೆಟ್ಟಿಂಗ್ಸಿಗೆ ಹೋಗಿ ಎಸ್ಸೆಮ್ಮೆಸ್ ಆಯ್ಕೆಯನ್ನು ತೆಗೆದುಬಿಡಿ. ಉಳಿಸಿದರೆ ಕಳ್ಳ ಅದನ್ನೇ ಆರಿಸಿಕೊಳ್ಳುತ್ತಾನೆ.