ತೊಳೆತ, ಪಾಲಿಶ್, ವ್ಯಾಕ್ಸ್: ಕೋಲಾರದಲ್ಲಿ ಮೂರು ವರ್ಷ ಮಾಡಿಸಿದ ಮೇಲಿನ ಗಂಟೆಗಳ ಲೆಕ್ಕ

ನನ್ನದು 2022ರ ಕೊನೆಯಲ್ಲಿ ಕೊಂಡ ಕಡುನೀಲಿ ಬಣ್ಣದ ಚಿಕ್ಕ ಕಾರು. ವಾರದಲ್ಲಿ ಆರು ದಿನ ಅದು ಕೋಲಾರದಿಂದ ನರಸಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಹೋಗಿಬರುತ್ತದೆ. ಹಗಲೆಲ್ಲ ಕಾರ್ಖಾನೆಯ ಬಯಲಿನಲ್ಲಿ ಬಿಸಿಲಿಗೆ, ರಾತ್ರಿ ಮನೆಯ ಮುಂದಿನ ಹೊಂಗೆ ಮರದ ಕೆಳಗೆ ನಿಲ್ಲುತ್ತದೆ. ಕೆಂಪು ದೂಳು, ಜಲ್ಲಿ ಲಾರಿಗಳ ಬೂದುಪುಡಿ, ಹಿಪ್ಪುನೇರಳೆ ಹಣ್ಣು ತಿಂದು ಬರುವ ಹಕ್ಕಿಗಳ ನೇರಳೆ ಹಿಕ್ಕೆ, ಇವೆಲ್ಲ ಅದರ ನಿತ್ಯದ ಪಾಲು. ಬಿಳಿ ಕಾರಿನಲ್ಲಿ ಕಾಣದ ಗೀರು ಕಡುನೀಲಿಯಲ್ಲಿ ಹತ್ತು ಅಡಿ ದೂರದಿಂದಲೇ ಕಾಣುತ್ತದೆ ಎಂಬುದು ಕೊಂಡ ಆರು ತಿಂಗಳಿಗೇ ಅರ್ಥವಾಯಿತು.

ಈ ವಿಮರ್ಶೆ ನಾನು ಎರಡು ಬಾರಿ ಪೂರ್ತಿ ಪಾಲಿಶ್ ಮಾಡಿಸಿದ, ಪಟ್ಟಣದ ಒಂದು ಚಿಕ್ಕ ಅಂಗಡಿಯ ಕೆಲಸದ ಕುರಿತು. ಆದರೆ ಅದಕ್ಕೂ ಮುಂಚೆ ಬೇರೊಂದು ಕಡೆ ಮೋಸಹೋದ ಕತೆಯನ್ನು ಹೇಳದಿದ್ದರೆ ಸಮಯದ ವಿಷಯ ಸ್ಪಷ್ಟವಾಗುವುದಿಲ್ಲ. 2023ರ ಮಳೆಗಾಲ ಮುಗಿದ ಮೇಲೆ, ತೊಳೆತ, ಪಾಲಿಶ್ ಮತ್ತು ವ್ಯಾಕ್ಸ್ ಮೂರನ್ನೂ ಎರಡೇ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದವರಿಗೆ ಕಾರು ಕೊಟ್ಟೆ. ಹೇಳಿದ ಹೊತ್ತಿಗೇ ಕೊಟ್ಟರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನೂ ಸಂತೋಷದಿಂದ ಹಣ ಕೊಟ್ಟು ಬಂದೆ. ಮೂರನೆಯ ಸಲ ತೊಳೆದಾಗ ಹಳೆಯ ಗೀರುಗಳೆಲ್ಲ ತಿರುಗಿ ಬಂದವು. ಜೊತೆಗೆ ಬಾನೆಟ್ ಮೇಲೆ ಬಿಸಿಲು ಬಿದ್ದಾಗ ಹಿಂದೆ ಇಲ್ಲದಿದ್ದ ಬೆಳ್ಳನೆಯ ಸುತ್ತುಗೆರೆಗಳು ಹೊಗೆಯ ಹಾಗೆ ಅಲೆಯತೊಡಗಿದವು. ವೇಗವಾಗಿ ತಿರುಗುವ ಬಫಿಂಗ್ ಮೆಷಿನ್ನಿಗೆ ಉಣ್ಣೆಯ ಪ್ಯಾಡು ಹಾಕಿ ಅವಸರದಲ್ಲಿ ಉಜ್ಜಿದರೆ ಆ ಗೆರೆಗಳು ಬೀಳುತ್ತವೆ ಎಂದೂ, ಎಣ್ಣೆಯಂಶ ಹೆಚ್ಚಿರುವ ಪಾಲಿಶ್ ಗೀರನ್ನು ತೆಗೆಯದೆ ಕೇವಲ ತುಂಬಿ ಮುಚ್ಚುತ್ತದೆ ಎಂದೂ ಆಮೇಲೆ ತಿಳಿಯಿತು.

ಎರಡನೆಯ ಅಂಗಡಿಗೆ ಅದೇ ವರ್ಷ ಡಿಸೆಂಬರಿನಲ್ಲಿ ಹೋದಾಗ, ಎರಡು ಗಂಟೆಯಲ್ಲಿ ಆಗುತ್ತದೆಯೇ ಎಂದೇ ಮೊದಲು ಕೇಳಿದೆ. "ಎರಡು ಗಂಟೇಲಿ ಬೇಕು ಅಂದ್ರೆ ತೊಳೆದು ಕೊಡ್ತೀನಿ ಸಾರ್, ಪಾಲಿಶ್ ಮಾಡಿ ಕೊಡಕ್ಕಾಗಲ್ಲ" ಎಂದರು ಅಂಗಡಿಯವರು. ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟು ಸಂಜೆ ಆರಕ್ಕೆ ಬನ್ನಿ ಎಂದರು. ಅಂದು ನನಗೆ ರಜೆಯಿತ್ತು; ಒಮ್ಮೆ ಮೋಸಹೋದವನ ಅನುಮಾನವೂ ಇತ್ತು; ಹೀಗಾಗಿ ಅಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತು ದಿನವಿಡೀ ನೋಡಿದೆ.

ತೊಳೆಯಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೊದಲು ಚಕ್ರಗಳು, ಆಮೇಲೆ ಒತ್ತಡದ ನೀರಿನಲ್ಲಿ ದೂಳು ಇಳಿಸುವುದು, ಬಳಿಕ ಎರಡು ಬಕೆಟ್: ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಕೈಗವಸನ್ನು ಜಾಲಾಡಿಸಲು ಬರಿಯ ನೀರು. ಎರಡನೆಯ ಬಕೆಟ್ಟಿನ ತಳದಲ್ಲಿ ಕೊನೆಗೆ ಉಳಿದಿದ್ದ ಮರಳನ್ನು ಅಲ್ಲಿನ ಹುಡುಗ ಅಂಗೈ ಮೇಲೆ ಹಾಕಿ ತೋರಿಸಿದ. ಅಷ್ಟನ್ನೂ ನಾನು ಪ್ರತಿ ಭಾನುವಾರ ಒಂದೇ ಬಕೆಟ್ಟಿನಿಂದ ಬಣ್ಣದ ಮೇಲೆ ಉಜ್ಜುತ್ತಿದ್ದೆ. ಒರೆಸಲು ಕಾಲು ಗಂಟೆ. ನಮ್ಮ ಬೋರ್‌ವೆಲ್ ನೀರು ಗಡಸಾದ್ದರಿಂದ ಈ ಕಾಲು ಗಂಟೆಯಲ್ಲಿ ಸೋಮಾರಿತನ ಮಾಡಿದರೆ ಹನಿ ಒಣಗಿದ ಕಡೆಯೆಲ್ಲ ಸುಣ್ಣದ ಬಿಳಿ ಉಂಗುರ ಉಳಿಯುತ್ತದೆ. ಹೊಸ ಕಲೆಯಾದರೆ ಸಮಪ್ರಮಾಣದ ನೀರು ಬೆರೆಸಿದ ಬಿಳಿ ವಿನೆಗರ್‌ಗೆ ಹೋಗುತ್ತದೆ, ಬಿಸಿಲಿಗೆ ಸುಟ್ಟು ಕಚ್ಚಿಕೊಂಡ ಕಲೆ ಪಾಲಿಶ್‌ಗೆ ಮಾತ್ರ ಬಗ್ಗುತ್ತದೆ.

ತೊಳೆದ ಮೇಲೂ ಬಾನೆಟ್ ಮೇಲೆ ಬೆರಳಾಡಿಸಿದರೆ ರವೆ ಉದುರಿಸಿದ ಹಾಗೆ ತರಿತರಿಯಾಗಿತ್ತು. ಬ್ರೇಕಿನಿಂದ ಸಿಡಿದ ಕಬ್ಬಿಣದ ಕಣಗಳು, ಟಾರಿನ ಚುಕ್ಕೆಗಳು ಮತ್ತು ಮರದ ಅಂಟು ನೀರಿಗೆ ಹೋಗುವುದಿಲ್ಲ. ಜೇಡಿಮಣ್ಣಿನಂತೆ ನಾದಿಕೊಳ್ಳಬಹುದಾದ ಕ್ಲೇ ಬಾರನ್ನು ಶಾಂಪೂ ನೀರಿನ ಜಾರಿಕೆಯ ಮೇಲೆ ಮೆಲ್ಲಗೆ ಎಳೆಯುತ್ತ ಅವನ್ನೆಲ್ಲ ಕಿತ್ತು ತೆಗೆಯಲು ಒಂದು ಗಂಟೆ ಇಪ್ಪತ್ತು ನಿಮಿಷ ಆಯಿತು. ರಬ್ಬರ್ ಪಟ್ಟಿ ಮತ್ತು ಕಪ್ಪು ಪ್ಲಾಸ್ಟಿಕ್ ಭಾಗಗಳಿಗೆ ಟೇಪು ಅಂಟಿಸಲು ಇನ್ನೊಂದು ಇಪ್ಪತ್ತು ನಿಮಿಷ. ಮಧ್ಯಾಹ್ನದ ಊಟದ ಹೊತ್ತಾಗುತ್ತ ಬಂದಿತ್ತು. ಪಾಲಿಶ್ ಡಬ್ಬಿಯ ಮುಚ್ಚಳ ಇನ್ನೂ ತೆರೆದಿರಲಿಲ್ಲ.

ಎರಡು ಗಂಟೆಯ ಭರವಸೆ ಏಕೆ ಸುಳ್ಳು ಎಂಬುದಕ್ಕೆ ಮುಂದಿನ ಹಂತದ ಗಣಿತವೊಂದೇ ಸಾಕು. ತಿರುಗುತ್ತಲೇ ಅಲುಗಾಡುವ ಮಾದರಿಯ ಮೆಷಿನ್ನಿನಿಂದ ಒಮ್ಮೆಗೆ ಎರಡು ಅಡಿ ಉದ್ದ, ಎರಡು ಅಡಿ ಅಗಲದಷ್ಟು ಜಾಗವನ್ನು ಮಾತ್ರ ಉಜ್ಜಬೇಕು. ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನಿಧಾನವಾಗಿ ನಾಲ್ಕರಿಂದ ಆರು ಸುತ್ತು ನಡೆಸಬೇಕು. ಒರೆಸಿ, ಟಾರ್ಚ್ ಬಿಟ್ಟು ನೋಡಿ, ಗೀರು ಉಳಿದಿದ್ದರೆ ಮತ್ತೆ ಮಾಡಬೇಕು. ಒಂದು ಜಾಗಕ್ಕೆ ಐದು ನಿಮಿಷ ಎಂದರೂ ನನ್ನದರಂತಹ ಚಿಕ್ಕ ಕಾರಿನಲ್ಲಿ ಅಂಥ ಜಾಗಗಳು ನಲವತ್ತರ ಹತ್ತಿರ ಬರುತ್ತವೆ. ಇನ್ನೂರು ನಿಮಿಷ, ಅಂದರೆ ಮೂರು ಗಂಟೆ ಇಪ್ಪತ್ತು ನಿಮಿಷ ಮೆಷಿನ್ ಒಂದರ ಕೆಲಸಕ್ಕೇ ಬೇಕು. ಅಂದು ಮೂರು ಮುಕ್ಕಾಲು ಗಂಟೆ ಹಿಡಿಯಿತು, ಏಕೆಂದರೆ ಹಿಂದಿನವರು ಬಿಟ್ಟುಹೋದ ಸುತ್ತುಗೆರೆಗಳಿಗಾಗಿ ಬಾನೆಟ್ಟನ್ನು ಎರಡೆರಡು ಸಲ ಉಜ್ಜಬೇಕಾಯಿತು. ದೊಡ್ಡ ಗಾಡಿಗಾದರೆ, ಅಥವಾ ಒರಟು ಮತ್ತು ನಯದ ಎರಡು ಬಗೆಯ ಪಾಲಿಶ್ ಬೇಕಾದರೆ, ಎರಡನೆಯ ದಿನಕ್ಕೆ ಹೋಗುವುದು ಸಹಜ.

ಇದಕ್ಕೆ ಹೋಲಿಸಿದರೆ ವ್ಯಾಕ್ಸ್ ಮಕ್ಕಳಾಟ. ಬ್ರೆಜಿಲ್ಲಿನ ತಾಳೆಜಾತಿಯ ಮರದೆಲೆಯಿಂದ ಬರುವ ಕಾರ್ನೌಬಾ ಮೇಣವನ್ನು ತೆಳ್ಳಗೆ ಸವರಿ, ಮಸುಕಾಗುವವರೆಗೆ ಕಾದು, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಒಟ್ಟು ಐವತ್ತು ನಿಮಿಷ. ಈಗ ಮನೆಯಲ್ಲಿ ನಾನೇ ಮಾಡಿಕೊಳ್ಳುತ್ತೇನೆ. ಕಾಯುವ ಹೊತ್ತು ಹವೆಯನ್ನು ಅವಲಂಬಿಸಿದೆ: ಮಾರ್ಚಿನ ಒಣಹವೆಯಲ್ಲಿ ನೆರಳಿನಲ್ಲೂ ಐದೇ ನಿಮಿಷಕ್ಕೆ ಮಸುಕಾದರೆ, ಅಂತರಗಂಗೆ ಬೆಟ್ಟ ಮಂಜಿನಲ್ಲಿ ಮುಚ್ಚಿರುವ ನವೆಂಬರಿನ ಬೆಳಗಿನಲ್ಲಿ ಅರ್ಧ ಗಂಟೆಯೂ ಆಗಿದೆ. ಬೆರಳಿನಿಂದ ಒಂದು ಗೆರೆ ಎಳೆದು, ಅದು ಕಲೆಸಿಹೋಗದೆ ಸ್ಪಷ್ಟವಾಗಿ ಬಂದರೆ ಒರೆಸಬಹುದು. ದಪ್ಪಗೆ ಹಚ್ಚಿದರೆ ಹೆಚ್ಚು ದಿನ ಬಾಳುತ್ತದೆಂದು ಒಮ್ಮೆ ಬೆಣ್ಣೆಯಂತೆ ಮೆತ್ತಿ, ಅದನ್ನು ಕೆರೆದು ತೆಗೆಯಲು ಇಡೀ ಭಾನುವಾರ ಕಳೆದೆ. ತೆಳುವೋ ದಪ್ಪವೋ, ನಮ್ಮ ಬಿಸಿಲಿಗೆ ಎರಡು ತಿಂಗಳಿನ ಮೇಲೆ, ವ್ಯಾಕ್ಸ್ ಇನ್ನೂ ಇದೆ ಎಂಬುದರ ಗುರುತಾದ ನೀರು ಹನಿಗಟ್ಟುವುದು ನಿಂತೇಹೋಗುತ್ತದೆ.

ಅಂಗಡಿಯ ದೋಷಗಳನ್ನೂ ಹೇಳಬೇಕು. ಹಿಂಬದಿಯ ಹೆಸರಿನ ಅಕ್ಷರಗಳ ಸಂದಿನಲ್ಲಿ ಬಿಳಿಯ ಪಾಲಿಶ್ ಪುಡಿ ಎರಡೂ ಸಲ ಉಳಿದಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ನಾನೇ ತೆಗೆದೆ. 2025ರ ಏಪ್ರಿಲಿನಲ್ಲಿ ಎರಡನೆಯ ಬಾರಿ ಕೊಟ್ಟಾಗ ತಗಡಿನ ಚಾವಣಿಯ ಕೆಳಗೆ ಬಿಸಿಯಾಗಿದ್ದ ಕಾರಿನ ಮೇಲ್ಭಾಗಕ್ಕೇ ವ್ಯಾಕ್ಸ್ ಸವರಿದ್ದರಿಂದ ಪಟ್ಟೆಪಟ್ಟೆಯಾಯಿತು, ಅದನ್ನು ತೆಗೆದು ಮತ್ತೆ ಹಚ್ಚಲು ರಾತ್ರಿ ಎಂಟಾಯಿತು. ಬೇಸಿಗೆಯಲ್ಲಿ ಮಾಡಿಸುವವರು ಆ ಕೆಲಸ ಸಂಜೆಗೇ ಆಗಲಿ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ಸಲ 4,500, ಎರಡನೆಯ ಸಲ 5,000 ರೂಪಾಯಿ ಕೊಟ್ಟೆ. ಒಬ್ಬರ ಇಡೀ ದಿನದ ಮೈಮುರಿದ ದುಡಿಮೆಗೆ ಇದು ದುಬಾರಿಯಲ್ಲ.

ಹಣ ಕೊಡುತ್ತೇನೆಂದರೂ ಅವರು ವರ್ಷವರ್ಷ ಪಾಲಿಶ್ ಮಾಡಲು ಒಪ್ಪಲಿಲ್ಲ, ಮತ್ತು ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿಯೇ. ಬಣ್ಣದ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ ನಲವತ್ತು ಐವತ್ತು ಮೈಕ್ರಾನ್, ಎಂದರೆ ತಲೆಗೂದಲಿಗಿಂತ ತೆಳು. ಪ್ರತಿ ಪಾಲಿಶ್ ಅದರಿಂದ ಸ್ವಲ್ಪ ಸ್ವಲ್ಪ ಕೆತ್ತುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ವಾರಕ್ಕೊಮ್ಮೆ ಎರಡು ಬಕೆಟ್ಟಿನ ತೊಳೆತ, ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಮಾಡಿಕೊಂಡು ಹೋಗಿ ಎಂದು ಹೇಳಿ, ಬಿಲ್ಲಿನ ಹಿಂಬದಿಯಲ್ಲಿ "ಪಾಲಿಶ್: 2027ಕ್ಕೆ ಮುಂಚೆ ಬೇಡ" ಎಂದು ಬರೆದುಕೊಟ್ಟಿದ್ದಾರೆ.